‘ಪುಸ್ತಕ ಹೇಗಿತ್ತು?’ ಅಂದ್ರೆ ‘ಚೆನ್ನಾಗಿತ್ತು’ ಅಷ್ಟೇ!

ಓದಿದ ಪುಸ್ತಕದ ಬಗ್ಗೆ ಮಕ್ಕಳು ಹೇಳುವ, ಹೇಳದೆ ಉಳಿಸಿಕೊಳ್ಳುವ ಅಭಿಪ್ರಾಯಗಳನ್ನು ಕುರಿತು ಓದುಗರು ಕೇಳಿದ ಪ್ರಶ್ನೆಗಳಿಗೆ ಮಕ್ಕಳ ಓದಿನ ತಜ್ಞರು ಇಲ್ಲಿ ಉತ್ತರಿಸಿದ್ದಾರೆ. ಕೇಳಿದವರ ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ. ಪುಸ್ತಕ ಸಿಕ್ಕರೆ ಊಟದ ಪರಿವೆಯೂ ಇರುವುದಿಲ್ಲ. ಆದರೆ ಓದಿ ಮುಗಿಸಿದ ಮೇಲೆ ‘ಹೇಗಿತ್ತು?’ ಎಂದರೆ ‘ಚೆನ್ನಾಗಿತ್ತು’, ‘ಯಾಕೆ ಚೆನ್ನಾಗಿತ್ತು?’ ಎಂದರೆ ‘ಸುಮ್ನೆ’. ಓದಿದ್ದು ತಲೆಗೆ ಹೋಗುತ್ತಿಲ್ಲವೇನೋ ಎಂಬ ಅನುಮಾನ. ಇವನ ಬಾಯಿ ಬಿಡಿಸುವುದು ಹೇಗೆ?

ಊಟ ಮರೆತು ಓದುವ ಹುಡುಗನ ತಲೆಗೆ ಏನೂ ಹೋಗುತ್ತಿಲ್ಲ ಎಂದರೆ ನಾನು ನಂಬುವುದಿಲ್ಲ. ತೊಡಕಿರುವುದು ಪ್ರಶ್ನೆಯಲ್ಲಿ. ‘ಹೇಗಿತ್ತು?’ ಎಂದು ಕೇಳಿದರೆ ದೊಡ್ಡವರಾದ ನಾವೂ ‘ಚೆನ್ನಾಗಿತ್ತು’ ಎಂದೇ ಹೇಳಿ ಮುಗಿಸುತ್ತೇವೆ. ಇಡೀ ಕಥೆಯನ್ನು ಒಂದೇ ಮಾತಿನಲ್ಲಿ ತೂಗಿ ಹೇಳುವುದು ಯಾರಿಗೂ ಸುಲಭವಲ್ಲ. ‘ಯಾಕೆ?’ ಇನ್ನೂ ಕಷ್ಟದ್ದು. ಮಕ್ಕಳಿಗೆ ಆ ಪ್ರಶ್ನೆ ಎದುರಾಗುವುದು ಹೆಚ್ಚಾಗಿ ತಪ್ಪು ಮಾಡಿದಾಗ: ಯಾಕೆ ತಡ, ಯಾಕೆ ಚೆಲ್ಲಿದೆ, ಯಾಕೆ ಇನ್ನೂ ಮಲಗಿಲ್ಲ. ಹಾಗಾಗಿ ಪುಸ್ತಕದ ವಿಷಯದಲ್ಲಿ ಕೇಳಿದಾಗಲೂ ಸಮಜಾಯಿಷಿ ಕೊಡಬೇಕೇನೋ ಎಂದು ಮುದುಡಿಕೊಳ್ಳುತ್ತಾರೆ.

ಇಂಗ್ಲೆಂಡಿನ ಲೇಖಕ, ಶಿಕ್ಷಕ ಏಡನ್ ಚೇಂಬರ್ಸ್ ಇದಕ್ಕಾಗಿಯೇ ಒಂದು ವಿಧಾನ ರೂಪಿಸಿದರು. ಪುಸ್ತಕದ ಮಾತುಕತೆಯಲ್ಲಿ ‘ಯಾಕೆ’ ಎಂದು ಕೇಳುವುದನ್ನು ಅವರು ಆದಷ್ಟು ಬಿಟ್ಟರು. ಅದರ ಬದಲು ನಾಲ್ಕು ದಿಕ್ಕಿನಿಂದ ಮಾತಿಗೆಳೆದರು. ಇಷ್ಟವಾದದ್ದು ಏನಾದರೂ ಇತ್ತೇ? ಇಷ್ಟವಾಗದ್ದು? ಅರ್ಥವಾಗದೆ ತಲೆ ಕೆರೆದುಕೊಳ್ಳುವಂತೆ ಮಾಡಿದ್ದು? ಮತ್ತೆ ಮತ್ತೆ ಬಂದದ್ದು, ಒಂದಕ್ಕೊಂದು ಹೊಂದಿಕೊಂಡದ್ದು? ನಾಲ್ಕನ್ನೂ ಒಂದೇ ಸಲ ಕೇಳಿ ಪ್ರಶ್ನೆಪತ್ರಿಕೆ ಮಾಡಬೇಡಿ. ಒಂದನ್ನು ಹಿಡಿದರೆ ಸಾಕು. ನನ್ನನ್ನು ಕೇಳಿದರೆ ಮೂರನೆಯದೇ ಚಿನ್ನ. ‘ಇಷ್ಟವಾಯ್ತಾ’ ಎಂದರೆ ಹೌದು ಅಥವಾ ಇಲ್ಲ ಎಂದು ಮಾತು ಮುಗಿಯುತ್ತದೆ. ‘ಆ ಮುದುಕ ಕೊನೆಗೆ ಬಾಗಿಲು ತೆಗೆಯಲೇ ಇಲ್ಲವಲ್ಲ, ನನಗೆ ಅದೇ ಗೊತ್ತಾಗಲಿಲ್ಲ’ ಎಂದು ನೋಡಿ, ಹುಡುಗ ತಾನಾಗಿ ಹತ್ತಿರ ಬಂದು ಕೂರುತ್ತಾನೆ.

ಆದರೆ ಹೀಗೆ ಕೇಳಬೇಕಾದರೆ ಆ ಪುಸ್ತಕವನ್ನು ನೀವೂ ಓದಿರಬೇಕು. ಇದನ್ನು ಹೇಳಿದಾಗ ಅನೇಕ ಪೋಷಕರ ಮುಖ ಸಪ್ಪಗಾಗುತ್ತದೆ. ಎಲ್ಲ ಪುಸ್ತಕವನ್ನೂ ಓದಬೇಕಿಲ್ಲ, ಆಗೊಮ್ಮೆ ಈಗೊಮ್ಮೆ ಒಂದನ್ನು ಓದಿ. ತಾವು ಓದದ ಪುಸ್ತಕದ ಬಗ್ಗೆ ಪ್ರಶ್ನೆ ಹಾಕುವ ದೊಡ್ಡವರು ತನ್ನನ್ನು ಪರೀಕ್ಷಿಸುತ್ತಿದ್ದಾರೆ ಎಂಬುದು ಒಂಬತ್ತರ ಹುಡುಗನಿಗೆ ಚೆನ್ನಾಗಿ ಗೊತ್ತು. ಆಗ ಅವನು ಪಾಠ ಒಪ್ಪಿಸುತ್ತಾನೆ, ಇಲ್ಲವೇ ‘ಸುಮ್ನೆ’ ಎನ್ನುತ್ತಾನೆ. ಓದಿಲ್ಲದಿದ್ದರೆ ಹಾಗೆಂದೇ ಹೇಳಿ, ‘ನಾನು ಓದೋದಾದರೆ ಯಾವ ಜಾಗ ಬಿಡಲೇಬಾರದು?’ ಎಂದು ಕೇಳಿ.

ಇನ್ನೊಂದು, ಕೇಳಿದ ಮೇಲೆ ಕಾಯಿರಿ. ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ 1970ರ ದಶಕದಲ್ಲಿ ವಿಜ್ಞಾನ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿಸಿಕೊಂಡು ಲೆಕ್ಕ ಹಾಕಿದರು. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಸರಾಸರಿ ಒಂದು ಸೆಕೆಂಡು ಕಾಯುತ್ತಿದ್ದರಷ್ಟೇ. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಉತ್ತರಿಸದೆ ಸುಮ್ಮನಿರುವವರು ಕಡಿಮೆಯಾದರು. ಮೂರು ಸೆಕೆಂಡು ಸುಮ್ಮನಿರುವುದು ಎಷ್ಟು ಕಷ್ಟ ಎಂಬುದು ಮಾಡಿ ನೋಡಿದರೆ ತಿಳಿಯುತ್ತದೆ.

ಪ್ರಶ್ನೆ: ಏಳು ವರ್ಷದ ಮೊಮ್ಮಗಳು ಒಂದು ಕಥೆ ಓದಿದಳು. ಬಡ ಹುಡುಗ ರಾಕ್ಷಸನ ಮನೆಗೆ ನುಗ್ಗಿ ಚಿನ್ನ ತರುತ್ತಾನೆ, ಅಟ್ಟಿಸಿಕೊಂಡು ಬಂದ ರಾಕ್ಷಸ ಸಾಯುತ್ತಾನೆ. ‘ತಾತ, ಕಳ್ಳ ಹುಡುಗನೇ ಅಲ್ವಾ? ರಾಕ್ಷಸ ಅವನ ಪಾಡಿಗೆ ಅವನ ಮನೇಲಿದ್ದ’ ಎಂದು ಪಟ್ಟು ಹಿಡಿದಿದ್ದಾಳೆ. ಕಥೆಯನ್ನು ತಪ್ಪಾಗಿ ತಿಳಿದುಕೊಂಡಿದ್ದಾಳೆ. ತಿದ್ದಬೇಕೇ?

ಮೊದಲು ಶಭಾಷ್ ಎನ್ನಿ. ಕಥೆ ಹುಡುಗನ ಬೆನ್ನಿಗೆ ನಿಂತಿದ್ದರೂ ಅವಳು ರಾಕ್ಷಸನ ವಕಾಲತ್ತು ವಹಿಸಿದ್ದಾಳೆ. ಏಳರ ವಯಸ್ಸಿಗೆ ಇದು ಸಣ್ಣ ಕೆಲಸವಲ್ಲ.

ಅಮೆರಿಕದ ವಿದ್ವಾಂಸೆ ಲೂಯಿಸ್ ರೋಸೆನ್‌ಬ್ಲಾಟ್ 1938ರಿಂದಲೂ ಹೇಳುತ್ತ ಬಂದ ಮಾತೊಂದಿದೆ. ಕೃತಿಯ ಅರ್ಥ ಹಾಳೆಯ ಮೇಲಷ್ಟೇ ಕೂತಿರುವುದಿಲ್ಲ, ಓದುವವರ ತಲೆಯೊಳಗಷ್ಟೇ ಇರುವುದೂ ಇಲ್ಲ. ಅವೆರಡೂ ಕೂಡಿದಾಗ ಹುಟ್ಟುತ್ತದೆ. ಹಾಗೆಂದು ಯಾರು ಏನು ಹೇಳಿದರೂ ಸರಿ ಎಂದು ಅವರು ಬಿಟ್ಟುಬಿಡಲಿಲ್ಲ. ನಾವು ಮಾಡುವ ಅರ್ಥ ಪುಸ್ತಕದಲ್ಲಿರುವ ಯಾವುದಕ್ಕೂ ಎದುರಾಡಬಾರದು, ಅದಕ್ಕೆ ಪುಸ್ತಕದೊಳಗೇ ಆಧಾರ ಇರಬೇಕು ಎಂದರು.

ಮೊಮ್ಮಗಳ ವಾದವನ್ನು ಇದೇ ಒರೆಗೆ ಹಚ್ಚಿ. ರಾಕ್ಷಸ ಮನುಷ್ಯರನ್ನು ತಿನ್ನುತ್ತಿದ್ದ ಎಂದು ಪುಸ್ತಕದಲ್ಲಿದ್ದರೆ ಆ ಪುಟ ತೆರೆದು ‘ಇದಕ್ಕೇನಂತೀಯ?’ ಎಂದು ಕೇಳಿ. ಅವಳು ವಾದ ಬದಲಿಸಬಹುದು, ಇಲ್ಲವೇ ‘ಆದರೂ ಕದಿಯೋದು ಕದಿಯೋದೇ’ ಎನ್ನಬಹುದು. ಎರಡೂ ಸರಿಯೇ. ಪುಟಕ್ಕೆ ಹಿಂತಿರುಗಿ ನೋಡುವ ಅಭ್ಯಾಸವಾದರೆ ಸಾಕು. ‘ಇಲ್ಲ ಪುಟ್ಟ, ರಾಕ್ಷಸ ಕೆಟ್ಟವನು’ ಎಂದು ತೀರ್ಪು ಕೊಟ್ಟುಬಿಟ್ಟರೆ ಮುಂದಿನ ಪುಸ್ತಕದಲ್ಲಿ ತನಗೆ ಅನಿಸಿದ್ದನ್ನು ಬದಿಗಿಟ್ಟು ತಾತನಿಗೆ ಏನು ಬೇಕೋ ಅದನ್ನೇ ಹೇಳುತ್ತಾಳೆ.

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ವಾರಕ್ಕೊಮ್ಮೆ ಪುಸ್ತಕದ ಬಗ್ಗೆ ಮಾತಾಡುವ ಅವಧಿ ಇಟ್ಟಿದ್ದೇನೆ. ಪ್ರತಿ ಸಲವೂ ಅದೇ ನಾಲ್ಕೈದು ಮಕ್ಕಳ ಮಾತು. ಉಳಿದವರಿಂದ ಬರೆಸಿದರೆ ‘ಪುಸ್ತಕದ ಹೆಸರು, ಲೇಖಕರು, ಪಾತ್ರಗಳು, ಕಥೆಯ ಸಾರಾಂಶ, ಇದರಿಂದ ಕಲಿತ ನೀತಿ’ ಎಂದು ಎಲ್ಲರದ್ದೂ ಒಂದೇ ಅಚ್ಚು. ಹುರುಪು ಬರಲೆಂದು ಹೆಚ್ಚು ವಿಮರ್ಶೆ ಬರೆದವರಿಗೆ ಬಹುಮಾನ ಇಡಬೇಕೆಂದಿದ್ದೇನೆ. ಸರಿಯೇ?

ಬಹುಮಾನದಿಂದ ಶುರುಮಾಡುತ್ತೇನೆ, ಏಕೆಂದರೆ ಅದನ್ನು ಇನ್ನೂ ಇಟ್ಟಿಲ್ಲ, ತಡೆಯಬಹುದು. 1973ರಲ್ಲಿ ಅಮೆರಿಕದ ಮನೋವಿಜ್ಞಾನಿ ಮಾರ್ಕ್ ಲೆಪರ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವೊಂದಿದೆ. ಚಿತ್ರ ಬಿಡಿಸುವುದೆಂದರೆ ಮೊದಲೇ ಇಷ್ಟವಿದ್ದ ಶಿಶುವಿಹಾರದ ಮಕ್ಕಳನ್ನು ಆರಿಸಿಕೊಂಡು, ಕೆಲವರಿಗೆ ‘ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ’ ಎಂದು ಮುಂಚೆಯೇ ಹೇಳಿದರು. ಕೆಲವರಿಗೆ ಹೇಳದೆ ಕೊಟ್ಟರು. ಇನ್ನು ಕೆಲವರಿಗೆ ಕೊಡಲೇ ಇಲ್ಲ. ಒಂದೆರಡು ವಾರ ಕಳೆದು ನೋಡಿದಾಗ, ಪ್ರಶಸ್ತಿಗೆಂದು ಬಿಡಿಸಿದವರು ಬಿಡುವಿನ ವೇಳೆಯಲ್ಲಿ ಚಿತ್ರದ ಕಡೆ ತಿರುಗುವುದು ಉಳಿದವರ ಸುಮಾರು ಅರ್ಧಕ್ಕೆ ಇಳಿದಿತ್ತು. ಪ್ರಶಸ್ತಿಗಾಗಿ ಬಿಡಿಸಿದ ಚಿತ್ರಗಳ ಗುಣಮಟ್ಟವೂ ಕಡಿಮೆಯೇ ಇತ್ತು. ಹೇಳದೆ ಕೊಟ್ಟ ಗುಂಪಿಗೆ ಏನೂ ಆಗಿರಲಿಲ್ಲ. ‘ಹೆಚ್ಚು ವಿಮರ್ಶೆಗೆ ಬಹುಮಾನ’ ಎಂದರೆ ಮಕ್ಕಳು ಅತಿ ತೆಳ್ಳಗಿನ ಪುಸ್ತಕ ಹುಡುಕುತ್ತಾರೆ. ಅವರು ಜಾಣರು.

ಒಂದೇ ಅಚ್ಚಿನ ಬರಹಕ್ಕೆ ಮಕ್ಕಳು ಕಾರಣರಲ್ಲ, ನಮೂನೆ ಕಾರಣ. ಅದರಲ್ಲಿ ಮಗುವಿಗೆ ಏನನಿಸಿತು ಎಂದು ಬರೆಯಲು ಜಾಗವೇ ಇಲ್ಲ. ಮೊದಲ ನಾಲ್ಕು ಅಂಶಗಳು, ಮುಖಪುಟ ಮತ್ತು ಬೆನ್ನುಡಿ ನೋಡಿ ತುಂಬಬಹುದಾದವು. ಐದನೆಯದು ದೊಡ್ಡವರನ್ನು ಖುಷಿಪಡಿಸಲು. ಮೇಲೆ ಹೇಳಿದ ರೋಸೆನ್‌ಬ್ಲಾಟ್ ಒಮ್ಮೆ ಮೂರನೇ ತರಗತಿಯ ಅಭ್ಯಾಸಪುಸ್ತಕದಲ್ಲಿ ಒಂದು ಪದ್ಯದ ಕೆಳಗಿದ್ದ ಪ್ರಶ್ನೆ ಕಂಡು ದಂಗಾದರು: ‘ಈ ಪದ್ಯ ನಿಮಗೆ ಯಾವ ಮಾಹಿತಿ ಕಲಿಸುತ್ತದೆ?’ ಪದ್ಯ ಓದುವುದು ಮಾಹಿತಿಗಾಗಿ ಅಲ್ಲ. ಮಕ್ಕಳ ಕಥೆಯಿಂದ ನೀತಿ ಹಿಂಡುವುದೂ ಅದೇ ಜಾತಿಯ ಪ್ರಶ್ನೆ. ಆ ಸಾಲನ್ನು ಇವತ್ತೇ ತೆಗೆದುಬಿಡಿ. ನೀತಿ ಇದ್ದರೆ ಮಕ್ಕಳ ಮಾತಿನಲ್ಲಿ ತಾನಾಗಿ ಬರುತ್ತದೆ, ಬರದಿದ್ದರೆ ನಷ್ಟವೇನಿಲ್ಲ.

ಅದರ ಬದಲು ಒಂದು ಚೀಟಿ, ಒಂದೇ ಸಂಗತಿ. ‘ಈ ಪುಸ್ತಕದಲ್ಲಿ ನಿನಗೆ ನೆನಪುಳಿದ ಒಂದು ಜಾಗ’ ಎನ್ನಿ, ಅಥವಾ ‘ಲೇಖಕರು ಸಿಕ್ಕರೆ ಕೇಳುವ ಪ್ರಶ್ನೆ’. ಇಲ್ಲವೇ ‘ಈ ಪುಸ್ತಕ ತರಗತಿಯಲ್ಲಿ ಯಾರಿಗೆ ಹಿಡಿಸಬಹುದು?’ ಎಂದು ಕೇಳಿ. ಕೊನೆಯದು ನನಗೆ ಬಹಳ ಪ್ರಿಯ. ಪುಸ್ತಕವನ್ನೂ ಗೆಳೆಯನನ್ನೂ ಒಟ್ಟಿಗೆ ತೂಗಿ ನೋಡದೆ ಅದಕ್ಕೆ ಉತ್ತರ ಹೇಳಲಾಗದು.

ಮಾತಾಡದ ಮಕ್ಕಳ ವಿಷಯ. ಇಡೀ ತರಗತಿಯ ಮುಂದೆ ಎದ್ದು ನಿಂತು ಅಭಿಪ್ರಾಯ ಹೇಳುವುದು ನಮಗೇ ಕಷ್ಟ. ಮೊದಲು ಇಬ್ಬಿಬ್ಬರನ್ನು ಜೋಡಿ ಮಾಡಿ ಐದು ನಿಮಿಷ ಅವರಷ್ಟಕ್ಕೆ ಬಿಡಿ. ಆಮೇಲೆ ಎಲ್ಲರ ಮುಂದೆ ಪ್ರತಿಯೊಬ್ಬರೂ ತಮ್ಮ ಜೋಡಿ ಹೇಳಿದ್ದನ್ನು ಹೇಳಲಿ, ತಮ್ಮದನ್ನಲ್ಲ. ಬೇರೆಯವರ ಮಾತನ್ನು ಹೇಳುವುದಕ್ಕೆ ಅಂಜಿಕೆ ಕಡಿಮೆ, ಹಾಗೆ ಹೇಳಬೇಕಾದರೆ ಕಿವಿಗೊಟ್ಟು ಕೇಳಿರಲೂಬೇಕು. ಅವರ ಮಾತನ್ನು ಹಲಗೆಯ ಮೇಲೆ ಹೇಗಿದೆಯೋ ಹಾಗೆಯೇ ಬರೆಯಿರಿ, ಗ್ರಾಂಥಿಕ ಭಾಷೆಗೆ ತಿರುಗಿಸಬೇಡಿ. ‘ಅಜ್ಜಿ ಸಿಕ್ಕಾಪಟ್ಟೆ ಜಿಪುಣಿ’ ಎಂದದ್ದು ಹಲಗೆಯ ಮೇಲೆ ‘ಅಜ್ಜಿಯದು ಮಿತವ್ಯಯದ ಸ್ವಭಾವ’ ಆಯಿತೆಂದರೆ ಆ ಮಗು ಮುಂದಿನ ವಾರ ಬಾಯಿ ತೆರೆಯುವುದಿಲ್ಲ.

ನಿಮ್ಮ ಅಭಿಪ್ರಾಯ ಕೊನೆಗಿರಲಿ. ಮೇಡಂಗೆ ಈ ಪುಸ್ತಕ ಇಷ್ಟ ಎಂದು ಮೊದಲೇ ಗೊತ್ತಾದರೆ ಚರ್ಚೆ ಅಲ್ಲಿಗೇ ಮುಗಿಯಿತು. ಒಂದು ಉತ್ತರಕ್ಕೆ ‘ವೆರಿ ಗುಡ್’ ಎಂದರೂ ಅಷ್ಟೇ. ಉಳಿದವರು ಆ ಉತ್ತರದ ನಕಲು ಕೊಡಲು ಕೈ ಎತ್ತುತ್ತಾರೆ.

ಪ್ರಶ್ನೆ: ನಾಲ್ಕು ವರ್ಷದ ಮಗುವಿಗೆ ಪುಸ್ತಕದ ಬಗ್ಗೆ ಅಭಿಪ್ರಾಯ ಎಂಬುದು ಇರುತ್ತದೆಯೇ?

ಒಂದೇ ಪುಸ್ತಕವನ್ನು ಸತತವಾಗಿ ‘ಇನ್ನೊಂದ್ಸಲ’ ಎಂದು ನಿಮ್ಮ ಕೈಗೆ ತುರುಕುವುದು, ಒಂದು ಪುಟ ಬಂದರೆ ಕಣ್ಣು ಮುಚ್ಚಿಕೊಳ್ಳುವುದು, ನೀವು ಒಂದು ಸಾಲು ಹಾರಿಸಿದರೆ ಜಗಳಕ್ಕೆ ಬರುವುದು, ಇವೆಲ್ಲ ಅಭಿಪ್ರಾಯಗಳೇ. ಅಮೆರಿಕದ ಮನೋವಿಜ್ಞಾನಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡರಿಂದ ಮೂರು ವರ್ಷದ ಆಸುಪಾಸಿನ ಮಕ್ಕಳ ಪೋಷಕರಿಗೆ, ಚಿತ್ರಪುಸ್ತಕವನ್ನು ಸುಮ್ಮನೆ ಓದಿಬಿಡದೆ ಮಗುವೇ ಮಾತಾಡುವಂತೆ ಪ್ರಶ್ನೆ ಕೇಳುತ್ತ, ಅದು ಹೇಳಿದ್ದನ್ನು ಬೆಳೆಸುತ್ತ ಓದಲು ಕಲಿಸಿದರು. ಒಂದೇ ತಿಂಗಳಲ್ಲಿ ಆ ಮಕ್ಕಳ ಮಾತು ಉಳಿದವರಿಗಿಂತ ಮುಂದಿತ್ತು. ನಿಮ್ಮ ಮಗುವಿಗಂತೂ ನಾಲ್ಕಾಗಿದೆ.

ಪ್ರಶ್ನೆ: ಹನ್ನೊಂದು ವರ್ಷದ ಮಗಳಿಗೆ, ಎಲ್ಲರೂ ಹೊಗಳುವ, ನಾನು ಚಿಕ್ಕಂದಿನಲ್ಲಿ ಮೆಚ್ಚಿದ್ದ ಪುಸ್ತಕ ಕೊಟ್ಟೆ. ಅರ್ಧಕ್ಕೇ ಬಿಟ್ಟು, ಬಂದವರ ಮುಂದೆ ‘ಬೋರಿಂಗ್ ಪುಸ್ತಕ’ ಎಂದುಬಿಟ್ಟಳು. ಪೂರ್ತಿ ಓದದೆ ಅಭಿಪ್ರಾಯ ಹೇಳುವುದು ಸರಿಯಲ್ಲ ಎಂದು ಗದರಿದೆ.

ನಿಮ್ಮ ಬೇಸರ ಅರ್ಥವಾಗುತ್ತದೆ, ಗದರಿದ್ದು ಅರ್ಥವಾಗುವುದಿಲ್ಲ. ನಾವೆಲ್ಲ ಅರ್ಧಕ್ಕೆ ಬಿಟ್ಟ ಪುಸ್ತಕಗಳನ್ನು ನಿರಾತಂಕವಾಗಿ ಬೈದುಕೊಂಡು ಓಡಾಡುವವರೇ. ಅರ್ಧ ಓದಿದವಳಿಗೆ ಅರ್ಧದ ಬಗ್ಗೆ ಹೇಳುವ ಹಕ್ಕಿದೆ. ಅವಳು ಅಷ್ಟನ್ನು ಸ್ಪಷ್ಟವಾಗಿ ಹೇಳಿದರೆ ಸಾಕು: ‘ನಾನು ಇಲ್ಲಿಯವರೆಗೆ ಓದಿದೆ, ಇಲ್ಲಿ ಬಿಟ್ಟೆ.’

ಮಕ್ಕಳ ಅಭಿಪ್ರಾಯವನ್ನು ಗಂಭೀರವಾಗಿ ತೆಗೆದುಕೊಂಡ ಪ್ರಸಂಗವೊಂದು ಇಲ್ಲಿ ಹೇಳಬೇಕು. 1936ರಲ್ಲಿ ಲಂಡನ್ನಿನ ಪ್ರಕಾಶಕ ಸ್ಟ್ಯಾನ್ಲಿ ಅನ್ವಿನ್, ತಮ್ಮ ಕೈಗೆ ಬಂದ ಹಸ್ತಪ್ರತಿಯೊಂದನ್ನು ಹತ್ತು ವರ್ಷದ ಮಗ ರೇನರ್‌ಗೆ ಕೊಟ್ಟು, ಓದಿ ವರದಿ ಬರೆ ಎಂದರು. ಕೂಲಿ ಒಂದು ಶಿಲಿಂಗ್. ಹುಡುಗ ಅದು ಚೆನ್ನಾಗಿದೆ, ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆ ಹಿಡಿಸಬಹುದು ಎಂದು ಬರೆದ. (ತನಗೆ ಹತ್ತು, ಪುಸ್ತಕ ತನಗಿಂತ ಚಿಕ್ಕವರಿಗೆ! ಹತ್ತರ ವಯಸ್ಸಿನವರು ಎಲ್ಲ ಕಾಲದಲ್ಲೂ ಹೀಗೆಯೇ.) ಮರುವರ್ಷ ಆ ಹಸ್ತಪ್ರತಿ ಅಚ್ಚಾಯಿತು, ಅದೇ ಇಂಗ್ಲಿಷ್ ಲೇಖಕ ಟೋಲ್ಕಿನ್‌ರ ಹೆಸರಾಂತ ಮಕ್ಕಳ ಕಾದಂಬರಿ ‘ದಿ ಹಾಬಿಟ್’. ಆ ವರದಿಗೆ ಬೆಲೆ ಬಂದದ್ದು ರೇನರ್ ಹೊಗಳಿದ ಎಂದಲ್ಲ. ಅವನು ‘ಚೆನ್ನಾಗಿಲ್ಲ’ ಎಂದೂ ಬರೆಯಬಹುದಿತ್ತು, ಅದಕ್ಕೆ. ಮಗಳಿಗೆ ‘ಇಷ್ಟವಾಯಿತು’ ಎನ್ನಲು ಮಾತ್ರ ಅವಕಾಶವಿದ್ದರೆ, ನಾಳೆ ಅವಳು ಇಷ್ಟವಾಯಿತು ಎಂದಾಗ ನೀವು ಅದನ್ನು ನಂಬುವುದು ಹೇಗೆ?

‘ಬೋರಿಂಗ್’ ಎಂಬಲ್ಲಿಗೇ ಬಿಡಬೇಡಿ, ಯಾವ ಪುಟದಲ್ಲಿ ಬೇಸರ ಶುರುವಾಯಿತು ಎಂದು ಕೇಳಿ. ಕಥೆ ಶುರುವಾಗಲು ಬಹಳ ಹೊತ್ತು ಹಿಡಿಯಿತೇ, ಪರಿಚಯವಿಲ್ಲದ ಪದಗಳು ಸಾಲುಗಟ್ಟಿದವೇ, ಪುಸ್ತಕದಲ್ಲಿರುವ ಹುಡುಗಿಯರಿಗೆ ಮಾಡಲು ಕೆಲಸವೇ ಇರಲಿಲ್ಲವೇ? ಕೊನೆಯದಾಗಿದ್ದರೆ ಆ ಪುಸ್ತಕವನ್ನು ನೀವು ಇನ್ನೊಮ್ಮೆ ತೆರೆದು ನೋಡುವುದು ಒಳ್ಳೆಯದು. ಬಂದವರ ಮುಂದೆ ಹೇಗೆ ಮಾತಾಡಬೇಕು ಎಂಬುದನ್ನು ಕಲಿಸುವುದಿದ್ದರೆ ಬೇರೆಯಾಗಿ ಕಲಿಸಿ, ಪುಸ್ತಕಕ್ಕೆ ಗಂಟು ಹಾಕಬೇಡಿ.

ಪ್ರಶ್ನೆ: ಮೊದಲೆಲ್ಲ ಓದಿದ ಪುಸ್ತಕದ ಕಥೆಯನ್ನು ಗಂಟೆಗಟ್ಟಲೆ ಹೇಳುತ್ತಿದ್ದ ಮಗಳು ಹದಿಮೂರು ತುಂಬಿದ ಮೇಲೆ ನನ್ನೊಂದಿಗೆ ಏನೂ ಹೇಳುವುದಿಲ್ಲ. ಗೆಳತಿಯರ ಜತೆ ಅದೇ ಪುಸ್ತಕದ ಬಗ್ಗೆ ಗುಸುಗುಸು ನಡೆಯುತ್ತದೆ. ನಾನು ಹೋದರೆ ಮೌನ.

ಗುಸುಗುಸು ನಡೆಯುತ್ತಿದೆಯಲ್ಲ, ಒಳ್ಳೆಯ ಸುದ್ದಿ. ಅಭಿಪ್ರಾಯ ಹಂಚಿಕೊಳ್ಳುವುದು ನಿಂತಿಲ್ಲ, ಕೇಳುಗರು ಬದಲಾಗಿದ್ದಾರೆ.

ಫ್ರಾನ್ಸಿನ ಲೇಖಕ, ಶಿಕ್ಷಕ ಡೇನಿಯಲ್ ಪೆನ್ನಾಕ್ 1992ರಲ್ಲಿ ಓದುಗರ ಹತ್ತು ಹಕ್ಕುಗಳನ್ನು ಪಟ್ಟಿ ಮಾಡಿದರು. ಓದದಿರುವ ಹಕ್ಕು, ಪುಟ ಹಾರಿಸುವ ಹಕ್ಕು, ಮುಗಿಸದೆ ಬಿಡುವ ಹಕ್ಕು ಅದರಲ್ಲಿವೆ. ಹತ್ತನೆಯದು, ಓದಿದ್ದರ ಬಗ್ಗೆ ಸುಮ್ಮನಿರುವ ಹಕ್ಕು. ಹದಿಮೂರರಲ್ಲಿ ಓದುವ ಕೆಲವು ಪುಸ್ತಕಗಳು ತೀರಾ ಒಳಗಿನ ಸಂಗತಿಗಳನ್ನು ಮುಟ್ಟುತ್ತವೆ. ಅವುಗಳ ಬಗ್ಗೆ ಅಮ್ಮನಿಗೆ ಹೇಳುವುದೆಂದರೆ ತನ್ನ ಬಗ್ಗೆಯೇ ಹೇಳಿದಂತೆ.

ಹಾಗಾಗಿ ಕೇಳುವುದನ್ನು ಸ್ವಲ್ಪ ದಿನ ಬಿಟ್ಟು ನಿಮ್ಮ ಓದಿನ ಬಗ್ಗೆ ನೀವೇ ಹೇಳಿ. ‘ಈ ಕಾದಂಬರಿ ಐವತ್ತು ಪುಟ ಆದರೂ ಎಲ್ಲೂ ಹೊರಡುತ್ತಿಲ್ಲ, ಬಿಡಲೋ ಮುಂದುವರಿಸಲೋ?’ ಎಂದು ಸಲಹೆ ಕೇಳಿ. ಸಲಹೆ ಕೊಡಲು ಹದಿಮೂರರವರು ಸಾಮಾನ್ಯವಾಗಿ ಹಿಂದೆಮುಂದೆ ನೋಡುವುದಿಲ್ಲ. ಅವಳ ಪುಸ್ತಕವನ್ನು ನೀವೂ ಓದಬೇಕೆನಿಸಿದರೆ ಕದ್ದು ಓದಬೇಡಿ, ಅವಳನ್ನೇ ಕೇಳಿ ಪಡೆಯಿರಿ. ಪುಸ್ತಕದಲ್ಲಿರುವ ಯಾವುದೋ ವಿಷಯ ಅವಳನ್ನು ಕಲಕಿದೆ, ನಿದ್ದೆ ಊಟ ಕೆಟ್ಟಿದೆ ಎಂದು ಕಂಡರೆ ಮಾತ್ರ ಸುಮ್ಮನಿರಬೇಡಿ. ಆಗ ‘ಪುಸ್ತಕ ಹೇಗಿತ್ತು’ ಎಂದು ಸುತ್ತಿ ಬಳಸಿ ಹೋಗದೆ, ‘ಎರಡು ದಿನದಿಂದ ಮಂಕಾಗಿದ್ದೀಯ, ಏನಾಯ್ತು?’ ಎಂದು ನೇರವಾಗಿ ಕೇಳಿ.