ಶೀಲ್ಡ್ ಮೇಲೆ ಚಿತ್ರದುರ್ಗ ಅಂತಿದೆ, ನಾವಿರೋದು ದಾವಣಗೆರೆ ಜಿಲ್ಲೆ!

ಊರಿನ ಹೈಸ್ಕೂಲು, ಅದರ ಹಳೇ ಕಥೆ, ಅಲ್ಲಿನ ಆಟೋಟ. ಈ ಸಲ ಬಂದ ಪತ್ರಗಳಲ್ಲಿ ಇದೇ ಜಾಸ್ತಿ. ಹಾಗಾಗಿ ಅವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಉದ್ದದ ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ನಮ್ಮದು ಜಗಳೂರು ತಾಲೂಕಿನ ಸರ್ಕಾರಿ ಹೈಸ್ಕೂಲು. ಹಳೇ ವಿದ್ಯಾರ್ಥಿಗಳೆಲ್ಲ ಸೇರಿ ಸ್ಮರಣ ಸಂಚಿಕೆ ತರುತ್ತಿದ್ದೇವೆ. ಆಫೀಸಿನ ಬೀರು ತೆಗೆದಾಗ 1978ರ ಕಬಡ್ಡಿ ಶೀಲ್ಡ್ ಸಿಕ್ಕಿತು. ಅದರ ಮೇಲೆ 'ಚಿತ್ರದುರ್ಗ ಜಿಲ್ಲಾ ಮಟ್ಟ, ಪ್ರಥಮ' ಅಂತ ಕೆತ್ತಿದ್ದಾರೆ. ನಾವು ದಾವಣಗೆರೆ ಜಿಲ್ಲೆಯವರು. ಬೇರೆ ಶಾಲೆಯದು ನಮ್ಮಲ್ಲಿ ಬಂದು ಸೇರಿಕೊಂಡಿದೆಯಾ?

ಉತ್ತರ: ಇಲ್ಲ ಸರ್, ಅದು ನಿಮ್ಮದೇ. ಧೈರ್ಯವಾಗಿ ಸಂಚಿಕೆಯ ಮೊದಲ ಪುಟದಲ್ಲಿ ಹಾಕಿ. ದಾವಣಗೆರೆ ಜಿಲ್ಲೆ ಆಗಿದ್ದೇ 1997ರಲ್ಲಿ, ಜೆ.ಎಚ್. ಪಟೇಲರು ಮುಖ್ಯಮಂತ್ರಿ ಆಗಿದ್ದಾಗ. ಅಲ್ಲಿಯವರೆಗೆ ದಾವಣಗೆರೆ, ಹರಿಹರ, ಜಗಳೂರು ಮೂರೂ ಚಿತ್ರದುರ್ಗ ಜಿಲ್ಲೆಯ ತಾಲೂಕುಗಳು. ಅಂದರೆ ನಿಮ್ಮ ಹುಡುಗರು ಆ ವರ್ಷ ಗೆದ್ದಿದ್ದು ಈಗಿನದಕ್ಕಿಂತ ದೊಡ್ಡ ಜಿಲ್ಲೆಯಲ್ಲಿ. ಹೊಸದುರ್ಗ, ಹಿರಿಯೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯವರೂ ಅದೇ ಕೂಟಕ್ಕೆ ಬರುತ್ತಿದ್ದರು, ದಾವಣಗೆರೆ ಪೇಟೆಯವರೂ ಬರುತ್ತಿದ್ದರು. ಇದನ್ನು ಶೀಲ್ಡಿನ ಫೋಟೋ ಕೆಳಗೆ ಒಂದು ಸಾಲು ಬರೆಯಿರಿ. ಇಲ್ಲದಿದ್ದರೆ ಈಗಿನ ಮಕ್ಕಳಿಗೂ ನಿಮಗೆ ಬಂದ ಅನುಮಾನವೇ ಬರುತ್ತದೆ.

ಬೇರೆ ತಾಲೂಕಿನವರೂ ಇದನ್ನು ಗಮನಿಸಿ. ಚನ್ನಗಿರಿ, ಹೊನ್ನಾಳಿಯ ಹಳೇ ದಾಖಲೆ ಹುಡುಕುವವರು ಶಿವಮೊಗ್ಗದ ಕಡೆ ನೋಡಬೇಕು. ಹರಪನಹಳ್ಳಿಯದು ಇನ್ನೂ ಸುತ್ತು. ಅದು ಬಳ್ಳಾರಿ ಜಿಲ್ಲೆಯಲ್ಲಿತ್ತು, 1953ರವರೆಗೆ ಮದ್ರಾಸಿಗೆ ಸೇರಿತ್ತು. 1997ರಲ್ಲಿ ದಾವಣಗೆರೆಗೆ ಬಂತು, 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆ. ಅಲ್ಲಿನ ಹಳೇ ಸರ್ಟಿಫಿಕೇಟಿನಲ್ಲಿ ಮದ್ರಾಸ್ ಅಂತ ಕಂಡರೆ ಗಾಬರಿ ಆಗಬೇಡಿ.

ಶಾಲೆಯ ಹೆಸರೂ ಬದಲಾಗಿರುತ್ತದೆ. ಒಂದೇ ಕಟ್ಟಡ, ಒಂದೇ ಮೈದಾನ, ಆದರೆ ಒಂದು ಕಾಲಕ್ಕೆ ಮುನಿಸಿಪಲ್ ಹೈಸ್ಕೂಲ್, ಆಮೇಲೆ ಜೂನಿಯರ್ ಕಾಲೇಜು, ಈಗ ಪದವಿಪೂರ್ವ ಕಾಲೇಜಿನ ಪ್ರೌಢಶಾಲಾ ವಿಭಾಗ. ಹೀಗೆ ಹೆಸರು ಬದಲಾದಾಗೆಲ್ಲ ಹಳೇ ಸಾಮಾನು ಒಂದು ರೂಮಿಗೆ ಸೇರುತ್ತದೆ, ಆ ರೂಮಿಗೆ ಬೀಗ ಬೀಳುತ್ತದೆ. ಬೀಗ ತೆಗೆಸಿ. ಮೊದಲು ದಾಖಲಾತಿ ರಿಜಿಸ್ಟರ್ ನೋಡಿ, ಅದರಲ್ಲಿ ಹುಡುಗನ ಹೆಸರು, ತಂದೆ ಹೆಸರು, ಊರು, ಸೇರಿದ ದಿನ ಎಲ್ಲಾ ಇರುತ್ತದೆ. ಮೇಲಧಿಕಾರಿಗಳು ತಪಾಸಣೆಗೆ ಬಂದಾಗ ಬರೆದ ಪುಸ್ತಕ ಸಿಕ್ಕರೆ ಬಿಡಬೇಡಿ. ಮೈದಾನ ಹೇಗಿತ್ತು, ಆಟದ ಸಾಮಾನು ಏನಿತ್ತು ಅಂತ ಅದರಲ್ಲಿ ಬರೆದಿರುವ ಸಾಧ್ಯತೆ ಇದೆ. ರೋಲಿಂಗ್ ಶೀಲ್ಡ್ ಆಗಿದ್ದರೆ ಸುತ್ತಲೂ ಇರುವ ಸಣ್ಣ ಸಣ್ಣ ತಗಡುಗಳನ್ನು ಒಂದೊಂದಾಗಿ ಓದಿ, ಯಾವ ವರ್ಷ ಯಾವ ಶಾಲೆ ಗೆದ್ದಿತು ಅನ್ನೋದು ಅಲ್ಲೇ ಇರುತ್ತದೆ. ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಮೇಲಿನ ಪಾಲಿಶ್ ಹೋಗುತ್ತದೆ. ಕತ್ತಲಲ್ಲಿ ಪಕ್ಕದಿಂದ ಓರೆಯಾಗಿ ಟಾರ್ಚ್ ಬಿಟ್ಟು ಫೋಟೋ ತೆಗೆಯಿರಿ, ಸವೆದ ಅಕ್ಷರವೂ ಎದ್ದು ಕಾಣುತ್ತದೆ.

ಪ್ರಶ್ನೆ: ಹಳೇ ಬೋರ್ಡಿನಲ್ಲಿ '100 ಗಜ, 10 4/5 ಸೆಕೆಂಡ್' ಅಂತಿದೆ. ಈಗ ನಮ್ಮ ಹತ್ತನೇ ಕ್ಲಾಸಿನ ಹುಡುಗ 100 ಮೀಟರನ್ನು 11.9 ಸೆಕೆಂಡಿನಲ್ಲಿ ಓಡಿದ, ಸ್ಟಾಪ್ ವಾಚ್ ಹಿಡಿದು ನಾವೇ ನೋಡಿದೆವು. ಊರಿನ ಹಿರಿಯರು 'ನಮ್ಮ ಕಾಲದ ಓಟ ಎಲ್ಲಿ, ನಿಮ್ಮದೆಲ್ಲಿ' ಅನ್ನುತ್ತಾರೆ. ಹುಡುಗ ಮಂಕಾಗಿದ್ದಾನೆ. — ಹೊಳಲ್ಕೆರೆ

ಉತ್ತರ: ಹುಡುಗನನ್ನು ಕರೆದು ಕೂರಿಸಿಕೊಂಡು ಈ ಲೆಕ್ಕ ತೋರಿಸಿ. ಒಂದು ಗಜ ಅಂದರೆ 3 ಅಡಿ. 100 ಗಜ ಅಂದರೆ 91.44 ಮೀಟರ್ ಮಾತ್ರ. ಇನ್ನೂ 8.56 ಮೀಟರ್ ಬಾಕಿ ಇದೆ. ಓಟದ ಕೊನೆಯಲ್ಲಿ ಆ ವೇಗದ ಹುಡುಗನಿಗೆ ಅಷ್ಟು ದೂರಕ್ಕೆ ಸುಮಾರು ಒಂದು ಸೆಕೆಂಡ್ ಬೇಕು. 10 4/5 ಅಂದರೆ 10.8. ಅದಕ್ಕೆ ಒಂದು ಸೇರಿಸಿದರೆ 11.8. ನಿಮ್ಮ ಹುಡುಗನದು 11.9. ಇಬ್ಬರೂ ಹೆಚ್ಚುಕಮ್ಮಿ ಒಂದೇ! ಆ 4/5 ಯಾಕೆ ಅಂದರೆ, ಹಳೇ ವಾಚುಗಳಲ್ಲಿ ಒಂದು ಸೆಕೆಂಡಿಗೆ ಐದೇ ಗೆರೆ ಇರುತ್ತಿದ್ದವು, ಅದಕ್ಕಿಂತ ಸಣ್ಣದನ್ನು ಓದಲು ಆಗುತ್ತಿರಲಿಲ್ಲ. ಹಾಗಾಗಿ 0.1ರ ವ್ಯತ್ಯಾಸಕ್ಕೆ ಜಗಳ ಬೇಡ.

ಹಿರಿಯರ ಮಾತನ್ನೂ ತಳ್ಳಿಹಾಕಬೇಡಿ. ಬರಿಗಾಲಲ್ಲಿ, ಕಲ್ಲು ನೆಲದಲ್ಲಿ ಅಷ್ಟು ಓಡಿದ್ದು ದೊಡ್ಡದೇ. ಬೋರ್ಡನ್ನು ಅಳಿಸದೆ ಇಟ್ಟು, ಪಕ್ಕದಲ್ಲಿ ಮೀಟರಿನ ಹೊಸ ಬೋರ್ಡ್ ಹಾಕಿ. ಇನ್ನೊಂದು ಮಾತು. ಮುಂದೆ ನಿಮ್ಮ ಹುಡುಗ ದೊಡ್ಡ ಕೂಟಕ್ಕೆ ಹೋದಾಗ ಎಲೆಕ್ಟ್ರಾನಿಕ್ ಗಡಿಯಾರ ಇದ್ದರೆ ಅವನ ಟೈಮು ಜಾಸ್ತಿ ತೋರಿಸುತ್ತದೆ. ಕೈ ವಾಚಿಗೂ ಅದಕ್ಕೂ 100 ಮೀಟರಿನಲ್ಲಿ 0.24 ಸೆಕೆಂಡ್ ವ್ಯತ್ಯಾಸ ಹಿಡಿಯುತ್ತಾರೆ, ಯಾಕೆಂದರೆ ಓಟ ಬಿಡುವ ಪಿಸ್ತೂಲಿನ ಹೊಗೆ ಕಂಡು ವಾಚಿನ ಗುಂಡಿ ಒತ್ತುವಷ್ಟರಲ್ಲಿ ಓಟ ಶುರುವಾಗಿರುತ್ತದೆ. ಇದನ್ನು ಮೊದಲೇ ಹೇಳಿಡಿ, ಅಲ್ಲಿ ಹೋಗಿ ಎದೆ ಒಡೆದುಕೊಳ್ಳಬಾರದು.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸು. ನಮ್ಮ ಮೈದಾನದ ಟ್ರ್ಯಾಕು 200 ಮೀಟರಿಂದು. ಪಿಟಿ ಮೇಷ್ಟ್ರು ಎರಡನೇ ಲೇನಿನವರಿಗೆ 7 ಮೀಟರ್ 66 ಸೆಂ.ಮೀ. ಮುಂದೆ ಗೆರೆ ಹಾಕಿದರು. ಟ್ರ್ಯಾಕ್ ದೊಡ್ಡದಾದರೂ ಒಂದು ಸುತ್ತಿಗೆ ಅಷ್ಟೇ ಅಂತಾರೆ. ಸಣ್ಣ ಟ್ರ್ಯಾಕಿಗೆ ಕಮ್ಮಿ ಆಗಬೇಕಲ್ವಾ ಸಾರ್? — ಚಳ್ಳಕೆರೆ

ಉತ್ತರ: ಎಷ್ಟು ಒಳ್ಳೇ ಪ್ರಶ್ನೆ ಮಗು! ಮೇಷ್ಟ್ರು ಹೇಳಿದ್ದು ಸರಿ. ನೇರ ಗೆರೆಯಲ್ಲಿ ಎಲ್ಲರೂ ಒಂದೇ ದೂರ ಓಡುತ್ತಾರೆ, ವ್ಯತ್ಯಾಸ ಬರೋದು ತಿರುವಿನಲ್ಲಿ ಮಾತ್ರ. ಒಂದು ಪೂರ್ತಿ ಸುತ್ತಿನಲ್ಲಿ ಎರಡು ತಿರುವು ಸೇರಿದರೆ ಒಂದು ವೃತ್ತ. ನಿನ್ನ ವೃತ್ತದ ತ್ರಿಜ್ಯ ಒಳಗಿನವನಿಗಿಂತ ಒಂದು ಲೇನ್ ಅಗಲದಷ್ಟು, ಅಂದರೆ 1.22 ಮೀಟರ್ ಜಾಸ್ತಿ. ಅದನ್ನು 2ರಿಂದ, ಆಮೇಲೆ 3.1416ರಿಂದ ಗುಣಿಸು. 7.66 ಬಂತಾ? ಆ ಲೆಕ್ಕದಲ್ಲಿ ಮೈದಾನದ ಅಳತೆ ಎಲ್ಲೂ ಬರಲೇ ಇಲ್ಲ ನೋಡು. ನಂಬಿಕೆ ಬರದಿದ್ದರೆ ಹಗ್ಗ, ಗೂಟ ತೆಗೆದುಕೊಂಡು ಒಂದು ಸಣ್ಣ ವೃತ್ತ, ಒಂದು ದೊಡ್ಡ ವೃತ್ತ ಎಳೆದು ಅಳೆದು ನೋಡು.

ಒಳಗೆ ಎತ್ತರದ ಕಟ್ಟೆ ಅಂಚು ಇರುವ ಸ್ಟೇಡಿಯಮ್ಮಿನಲ್ಲಿ ಮಾತ್ರ ಎರಡನೇ ಲೇನಿಗೆ 7.04 ಬರುತ್ತದೆ. ಅಲ್ಲಿ ಮೊದಲ ಲೇನನ್ನು ಅಂಚಿನಿಂದ 30 ಸೆಂ.ಮೀ. ಬಿಟ್ಟು ಅಳೆಯುತ್ತಾರೆ, ಉಳಿದವನ್ನು ಗೆರೆಯಿಂದ 20 ಸೆಂ.ಮೀ. ಬಿಟ್ಟು. ಸುಣ್ಣದ ಗೆರೆ ಹಾಕಿದ ನಿಮ್ಮ ಮೈದಾನದಲ್ಲಿ ಎಲ್ಲಾ ಲೇನಿಗೂ 20. ಹಾಂ, ನಿನ್ನ ಅನುಮಾನ ಸರಿಯಾಗುವ ಜಾಗವೂ ಒಂದಿದೆ. 400 ಮೀಟರ್ ಟ್ರ್ಯಾಕಿನಲ್ಲಿ 200 ಮೀಟರ್ ಓಟಕ್ಕೆ ಒಂದೇ ತಿರುವು, ಆಗ ಅರ್ಧ ಬಿಟ್ಟರೆ ಸಾಕು. ನಿಮ್ಮಲ್ಲಿ ಲೇನ್ ಬಿಡದೆ 400 ಮೀಟರ್ ಓಡಿಸಿದರೆ ಎರಡು ಸುತ್ತು, ಆಗ ಎರಡರಷ್ಟು.

ಪ್ರಶ್ನೆ: ನಮ್ಮ ಹುಡುಗಿ ಮೊಬೈಲ್ ನೋಡಿ ಬೆನ್ನು ಕೆಳಗೆ ಮಾಡಿ ಹೈಜಂಪ್ ಹಾರುತ್ತಾಳೆ. ಶಾಲೆಯಲ್ಲಿ ಇರೋದು ಮರಳಿನ ಗುಂಡಿ.

ಉತ್ತರ: ಇವತ್ತೇ ನಿಲ್ಲಿಸಿ ಅಮ್ಮಾ. 1968ರ ಮೆಕ್ಸಿಕೋ ಒಲಿಂಪಿಕ್ಸಿನಲ್ಲಿ ಡಿಕ್ ಫಾಸ್ಬರಿ ಆ ಥರ ಹಾರಿ ಚಿನ್ನ ಗೆದ್ದರು, ಆದರೆ ಬಿದ್ದಿದ್ದು ದಪ್ಪ ಫೋಮಿನ ಮೇಲೆ. ಮರಳಿನಲ್ಲಿ ಕುತ್ತಿಗೆಗೆ ಪೆಟ್ಟು ಬೀಳುತ್ತದೆ. ಕಾಲಿನ ಮೇಲೇ ಇಳಿಯುವ ಕತ್ತರಿ ಹಾರಿಕೆ ಕಲಿಯಲಿ. ಫೋಮ್ ಬೆಡ್ ಇರುವ ಕಡೆ ಹೋದಾಗ ಬೆನ್ನಿನ ಹಾರಿಕೆ ಕಲಿಯಬಹುದು, ಕಾಲಿನ ಬಲ ಎಲ್ಲೂ ಹೋಗಲ್ಲ.

ಪ್ರಶ್ನೆ: ನಮ್ಮ ಹೈಸ್ಕೂಲಿನ ಹಳೇ ಫೋಟೋದಲ್ಲಿ ಹುಡುಗಿಯರ ಖೋ-ಖೋ ಟೀಮು. 12 ಜನ ಇದ್ದಾರೆ. ಆಡೋದು 9 ಜನ ಅಲ್ವಾ? ಯಾರ ಹೆಸರು ಬಿಡಬೇಕು? ಹುಡುಗರ ಹೆಸರೆಲ್ಲ ಸಿಕ್ಕಿವೆ, ಇವರದು ನಾಲ್ಕೇ ಸಿಕ್ಕಿದೆ. — ಹೊಸದುರ್ಗ

ಉತ್ತರ: ಯಾರನ್ನೂ ಬಿಡಬೇಡಿ. ಟೀಮು ಅಂದರೆ 12 ಜನವೇ. 8 ಜನ ಕೂರುತ್ತಾರೆ, ಒಬ್ಬಳು ಅಟ್ಟುತ್ತಾಳೆ, 3 ಜನ ಹೊರಗೆ ಕಾಯುತ್ತಾರೆ. ಯಾರಿಗಾದರೂ ಕಾಲು ಉಳುಕಿದರೆ ಆ ಮೂವರಲ್ಲಿ ಒಬ್ಬಳು ಒಳಗೆ ಬರಬೇಕು.

ಹುಡುಗಿಯರ ಹೆಸರು ಸಿಗದಿರುವುದು ನೀವೊಬ್ಬರ ಕಷ್ಟ ಅಲ್ಲ ಅಕ್ಕಾ, ಇದು ನನಗೆ ತುಂಬಾ ನೋವು ಕೊಡುವ ವಿಷಯ. ಹುಡುಗರು ಊರಲ್ಲೇ ಇರುತ್ತಾರೆ, ಬಸ್ ಸ್ಟ್ಯಾಂಡಿನಲ್ಲಿ ಸಿಗುತ್ತಾರೆ. ಹುಡುಗಿಯರು ಮದುವೆಯಾಗಿ ಹೋದರು, ಇನಿಷಿಯಲ್ ಬದಲಾಯಿತು, ಕೆಲವರ ಹೆಸರೇ ಬದಲಾಯಿತು. ಆದರೆ ರಿಜಿಸ್ಟರಿನಲ್ಲಿ ತವರಿನ ಊರು, ಅಪ್ಪನ ಹೆಸರು ಇದೆಯಲ್ಲ. ಆ ವರ್ಷದ ಹೆಣ್ಣುಮಕ್ಕಳ ಪಟ್ಟಿ ಮಾಡಿ. ಫೋಟೋದ ದೊಡ್ಡ ಪ್ರಿಂಟ್ ಹಾಕಿಸಿಕೊಂಡು ಆ ಹಳ್ಳಿಗಳಿಗೆ ಹೋಗಿ, ಅಣ್ಣತಮ್ಮಂದಿರ ಮನೆಯಲ್ಲಿ ತೋರಿಸಿ. ಗೌರಿ ಹಬ್ಬದ ಹೊತ್ತಿಗೆ ಹೋದರೆ ಒಳ್ಳೇದು, ತವರಿಗೆ ಬಂದಿರುತ್ತಾರೆ, ಅವರ ಬಾಯಿಂದಲೇ ಕೇಳಬಹುದು. ನಾಲ್ಕು ಜನ ಸಿಕ್ಕಿದ್ದಾರಲ್ಲ, ಅವರಿಗೇ ಮೊದಲು ಫೋನ್ ಮಾಡಿ. ಬೆನ್ನು ತಟ್ಟಿ 'ಖೋ' ಕೊಟ್ಟವಳ ಹೆಸರು ಅವರಿಗೆ ಮರೆತಿರಲ್ಲ.