2 ಜಿಬಿ ದಾಟಿದ ಕೂಡಲೇ ಕರ್ನಲ್ ಡ್ರೈವರ್ ಕೆಡುತ್ತಿದೆ, ಎಲ್ಲಿ ಹುಡುಕಬೇಕು?

ನಿಮ್ಮ ಪ್ರಶ್ನೆ ಇಷ್ಟು: ಮೆಮೊರಿಯಲ್ಲೇ ಡೇಟಾ ಇಡುವ ಒಂದು ಲಿನಕ್ಸ್ ಬ್ಲಾಕ್ ಡ್ರೈವರ್ (ಕರ್ನಲ್‌ಗೆ ಡಿಸ್ಕ್ ಥರ ಕಾಣುವ ಡ್ರೈವರ್) ಬರೆದಿದ್ದೀರಿ. ಡಿಸ್ಕ್ ಸಣ್ಣದಿದ್ದಾಗ ಸರಿಯಾಗಿ ನಡೆಯುತ್ತದೆ, 2 ಜಿಬಿ ದಾಟಿದ ಕೂಡಲೇ ಕರ್ನಲ್ ಊಪ್ಸ್ (ತನ್ನೊಳಗೆ ತಪ್ಪಾದಾಗ ಕರ್ನಲ್ ಲಾಗ್‌ನಲ್ಲಿ ಬರೆಯುವ ವರದಿ) ಬರುತ್ತದೆ. ಲಾಗ್‌ನಲ್ಲಿ ಆಫ್‌ಸೆಟ್ (ಡಿಸ್ಕ್‌ನ ಶುರುವಿನಿಂದ ಎಷ್ಟು ಬೈಟ್ ದೂರ ಅನ್ನೋದು) ನೋಡಿದರೆ ಹೆಕ್ಸ್‌ನಲ್ಲಿ ಎಂಟು ಎಫ್, ಆಮೇಲೆ 80000000 ಇದೆ. ಆಫ್‌ಸೆಟ್ ಇಟ್ಟಿರುವ ವೇರಿಯಬಲ್ 64 ಬಿಟ್‌ನದ್ದೇ, ಮತ್ಯಾಕೆ ಹೀಗೆ ಅಂತ ಕೇಳಿದ್ದೀರಿ.

ಊಪ್ಸ್ ಬಂದ ಸಾಲನ್ನು ಸದ್ಯಕ್ಕೆ ಬಿಡಿ. ತಪ್ಪು ಅಲ್ಲಿ ಕಾಣಿಸಿಕೊಂಡಿದೆ ಅಷ್ಟೇ, ಹುಟ್ಟಿದ್ದು ಬೇರೆ ಕಡೆ. ಆ ಸಂಖ್ಯೆಯನ್ನೇ ಹಿಡಿದುಕೊಂಡು ಹಿಂದಕ್ಕೆ ಹೋಗಿ. ದಾರಿಯಲ್ಲಿ ಎಲ್ಲೆಲ್ಲಿ ಅದರ ಅಗಲ ಬದಲಾಗುತ್ತದೆ ಅನ್ನೋದಷ್ಟೇ ನೋಡಬೇಕಾದ್ದು. ಫಂಕ್ಷನ್ ಆರ್ಗ್ಯುಮೆಂಟ್ ಆಗಿರಬಹುದು, ಸ್ಟ್ರಕ್ಟ್‌ನ ಫೀಲ್ಡ್ ಆಗಿರಬಹುದು. ಎಲ್ಲಕ್ಕಿಂತ ಜಾಸ್ತಿ, ಹೆಸರೇ ಇಲ್ಲದ ಮಧ್ಯದ ಲೆಕ್ಕ ಆಗಿರಬಹುದು.

ಎಂಟು ಎಫ್ ಕಂಡರೆ ಸಾಮಾನ್ಯವಾಗಿ ಅರ್ಥ ಒಂದೇ. 32 ಬಿಟ್‌ನ ಸೈನ್ಡ್ (ಮೈನಸ್ ಕೂಡ ಆಗಬಲ್ಲ) ಸಂಖ್ಯೆಯೊಂದರ ಮೇಲಿನ ಬಿಟ್ 1 ಆಗಿದೆ, ಅದನ್ನು 64 ಬಿಟ್‌ಗೆ ಹಿಗ್ಗಿಸುವಾಗ ಆ 1 ಎಡಗಡೆ ಪೂರ್ತಿ ತುಂಬಿಕೊಂಡಿದೆ. ಇಲ್ಲಿ ಒಂದು ಎಚ್ಚರಿಕೆ: ಎಕ್ಸ್86-64ರಲ್ಲಿ (64 ಬಿಟ್‌ನ ಇಂಟೆಲ್, ಎಎಮ್‌ಡಿ ಪ್ರೊಸೆಸರ್‌ಗಳಲ್ಲಿ) ಕರ್ನಲ್‌ನ ಕೋಡ್ ಕೂರುವ ವಿಳಾಸಗಳೂ ಇದೇ ಸಂಖ್ಯೆಯಿಂದ ಶುರುವಾಗುತ್ತವೆ. ಹಾಗಾಗಿ ಮೊದಲ ನೋಟಕ್ಕೆ ಅದು ನಿಜವಾದ ಪಾಯಿಂಟರ್ ಥರ ಕಾಣುತ್ತದೆ. ಮೆಮೊರಿ ಕರಪ್ಷನ್ ಆಗಿದೆ ಅಂದುಕೊಂಡು ದಾರಿ ತಪ್ಪೋದು ತುಂಬಾ ಸುಲಭ.

ನೀವು ಕೊಟ್ಟ ಕೋಡ್‌ನಲ್ಲಿ ನನ್ನ ಕಣ್ಣಿಗೆ ಬಿದ್ದ ಸಾಲು ಇದು:

ಆಫ್‌ಸೆಟ್ = ಪೇಜ್ << 12;

ಆಫ್‌ಸೆಟ್ 64 ಬಿಟ್, ಸರಿ. ಆದರೆ ಪೇಜ್ (4096 ಬೈಟ್‌ನ ತುಂಡಿನ ನಂಬರ್) ಬರೀ ಇಂಟ್, ಅಂದರೆ 32 ಬಿಟ್‌ನ ಸೈನ್ಡ್ ಸಂಖ್ಯೆ. ಸಿ ಭಾಷೆ ಎಡಗಡೆ ಏನಿದೆ ಅಂತ ನೋಡಿ ಲೆಕ್ಕ ಮಾಡುವುದಿಲ್ಲ. ಬಿಟ್‌ಗಳನ್ನು 12 ಸ್ಥಾನ ಎಡಕ್ಕೆ ಸರಿಸುವ ಈ ಶಿಫ್ಟ್ (ಅಂದರೆ 4096ರಿಂದ ಗುಣಿಸುವುದು) ಪೂರ್ತಿ 32 ಬಿಟ್‌ನಲ್ಲೇ ಮುಗಿಯುತ್ತದೆ, ಬಂದ ಉತ್ತರ ಆಮೇಲೆ ಹಿಗ್ಗುತ್ತದೆ. ಪೇಜ್ 524287 ಇದ್ದಾಗ ಉತ್ತರ 2147479552, ಏನೂ ತೊಂದರೆ ಇಲ್ಲ. 524288 ಆದ ಕೂಡಲೇ ಉತ್ತರ 2147483648 ಆಗಬೇಕು, ಅದು ಇಂಟ್‌ನಲ್ಲಿ ಹಿಡಿಸುವುದಿಲ್ಲ. ಮೈನಸ್ ಆಗಿ ತಿರುಗುತ್ತದೆ. ನಿಮ್ಮ 2 ಜಿಬಿ ಗಡಿ ಸರಿಯಾಗಿ ಇದೇ.

ದಯವಿಟ್ಟು ಇದನ್ನು ಅನ್‌ಸೈನ್ಡ್ ಇಂಟ್ ಮಾಡಿ ಸುಮ್ಮನಾಗಬೇಡಿ. ಊಪ್ಸ್ ನಿಂತುಹೋಗುತ್ತದೆ, ನಿಜ. ಆದರೆ ಗಡಿ 4 ಜಿಬಿಗೆ ಹೋಗುತ್ತದೆ, ಮತ್ತೇನಿಲ್ಲ. ಪೇಜ್ 1048576 ಬಂದಾಗ ಆಫ್‌ಸೆಟ್ ಸೊನ್ನೆ ಆಗುತ್ತದೆ. ಆಗ ಕರ್ನಲ್ ಕೂಗುವುದೂ ಇಲ್ಲ, ಡಿಸ್ಕ್‌ನ ಮೊದಲ ಪೇಜ್ ಮೇಲೆ ಸುಮ್ನೆ ಬರೆದುಬಿಡುತ್ತದೆ. ಪಾರ್ಟಿಷನ್ ಟೇಬಲ್ ಇರೋದು ಅಲ್ಲೇ ಅಲ್ವಾ? ಊಪ್ಸ್ ಬರುವ ತಪ್ಪೇ ಇದಕ್ಕಿಂತ ಎಷ್ಟೋ ಮೇಲು.

ಸರಿ ಮಾಡಬೇಕಾದರೆ ಶಿಫ್ಟ್ ಆಗುವ ಮೊದಲೇ ಪೇಜ್ ಅನ್ನು 64 ಬಿಟ್‌ಗೆ ಕಾಸ್ಟ್ ಮಾಡಿ, ಅಂದರೆ ಅದರ ಟೈಪ್ ಬದಲಿಸಿ. ಪೂರ್ತಿ ಲೆಕ್ಕವನ್ನು ಬ್ರಾಕೆಟ್‌ನಲ್ಲಿ ಹಾಕಿ ಹೊರಗಿನಿಂದ ಕಾಸ್ಟ್ ಮಾಡಿದರೆ ಪ್ರಯೋಜನ ಇಲ್ಲ, ಅಷ್ಟರಲ್ಲಿ ಮೇಲಿನ ಬಿಟ್‌ಗಳು ಹೋಗಿರುತ್ತವೆ. ಅನ್‌ಸೈನ್ಡ್ ಲಾಂಗ್ ಸಾಕು ಅಂತಲೂ ಅಂದುಕೊಳ್ಳಬೇಡಿ. 64 ಬಿಟ್ ಲಿನಕ್ಸ್‌ನಲ್ಲಿ ಅದು 64 ಬಿಟ್, 32 ಬಿಟ್ ಕರ್ನಲ್‌ನಲ್ಲಿ 32 ಬಿಟ್ಟೇ.

ಪ್ರಿಂಟ್ ಹಾಕಿ ನೋಡುವಾಗಲೂ ಹುಷಾರು. 64 ಬಿಟ್ ಸಂಖ್ಯೆಯನ್ನು ಶೇಕಡಾ ಡಿ (%d) ಫಾರ್ಮ್ಯಾಟ್‌ನಲ್ಲಿ ಛಾಪಿಸಿದರೆ ಎಕ್ಸ್86-64ರಲ್ಲಿ ಕೆಳಗಿನ ಅರ್ಧ ಮಾತ್ರ ಕಾಣುತ್ತದೆ. ಲಾಗ್ ನೋಡಿದರೆ ಎಲ್ಲ ಸರಿ ಇದೆ ಅನ್ನಿಸುತ್ತದೆ. ಫಾರ್ಮ್ಯಾಟ್ ಬಗ್ಗೆ ಜಿಸಿಸಿ ಕಂಪೈಲರ್ ಕೊಡುವ ವಾರ್ನಿಂಗ್ ಒಂದನ್ನೂ ಬಿಡಬೇಡಿ, ಮತ್ತೆ ಯಾವಾಗಲೂ ಹೆಕ್ಸ್‌ನಲ್ಲೇ ಛಾಪಿಸಿ. ಅಗಲದ ತಪ್ಪು ಹೆಕ್ಸ್‌ನಲ್ಲಿ ಕಣ್ಣಿಗೆ ಹೊಡೆಯುತ್ತದೆ, ದಶಮಾಂಶದಲ್ಲಿ ಅಡಗಿಕೊಳ್ಳುತ್ತದೆ.

ಟೂಲ್‌ಗಳ ವಿಷಯ. ಕರ್ನಲ್ ಕಾನ್ಫಿಗ್‌ನಲ್ಲಿ ಯುಬಿಸ್ಯಾನ್ (ಸಿ ಭಾಷೆಯ ನಿಯಮ ಮೀರಿದ ಲೆಕ್ಕಗಳನ್ನು ಕೋಡ್ ಓಡುವಾಗ ಹಿಡಿಯುವ ಟೂಲ್) ಆನ್ ಮಾಡಿ. ಅದರ ಶಿಫ್ಟ್ ತಪಾಸಣೆ ಕೆಲವು ತಪ್ಪು ಶಿಫ್ಟ್‌ಗಳನ್ನು ಹಿಡಿಯುತ್ತದೆ. ಆದರೆ ಅನ್‌ಸೈನ್ಡ್ ಸಂಖ್ಯೆ ಸುತ್ತಿಕೊಂಡು ಸೊನ್ನೆಗೆ ಬರುವುದನ್ನು ಸಿ ಭಾಷೆ ತಪ್ಪು ಅಂತ ಎಣಿಸುವುದೇ ಇಲ್ಲ, ಹಾಗಾಗಿ ಅದರ ಮೇಲೆ ಪೂರ್ತಿ ನಂಬಿಕೆ ಇಡಬೇಡಿ. ಕೋಡ್ ಓದಿಯೇ ತಪ್ಪು ಹುಡುಕುವ ಸ್ಮ್ಯಾಚ್ ಟೂಲ್ ಓಡಿಸಿ ನೋಡಿ. ಈ ಶಿಫ್ಟ್ 64 ಬಿಟ್‌ನಲ್ಲಿ ಆಗಬೇಕಿತ್ತಾ ಅಂತ ಅದು ನೇರವಾಗಿ ಕೇಳುತ್ತದೆ.

ಟೆಸ್ಟ್ ಮಾಡೋಕೆ ಡಿಸ್ಕ್ ಗಾತ್ರ 5 ಜಿಬಿ ಇಡಿ. ಪೇಜ್ 0, 524287, 524288, 1048575, 1048576, ಈ ಐದರಲ್ಲೂ ಆಯಾ ಪೇಜ್‌ನ ನಂಬರನ್ನೇ ಬರೆಯಿರಿ. ಆಮೇಲೆ ಓದಿ. ಎಲ್ಲ ಕಡೆ ಸೊನ್ನೆ ಬರೆದು ಸೊನ್ನೆ ಓದಿದರೆ ಏನೂ ಗೊತ್ತಾಗುವುದಿಲ್ಲ. ಡಿಡಿ (ಡೇಟಾ ನಕಲು ಮಾಡುವ ಲಿನಕ್ಸ್ ಕಮಾಂಡ್) ಬಳಸುವುದಾದರೆ ಓದುವಾಗ, ಬರೆಯುವಾಗ ಎರಡೂ ಸಲ ಡೈರೆಕ್ಟ್ ಫ್ಲ್ಯಾಗ್ ಕೊಡಿ. ಇಲ್ಲದಿದ್ದರೆ ಪೇಜ್ ಕ್ಯಾಶ್‌ನಿಂದ (ಕರ್ನಲ್ ಮೆಮೊರಿಯಲ್ಲಿ ಇಟ್ಟುಕೊಳ್ಳುವ ಪ್ರತಿಯಿಂದ) ನೀವು ಬರೆದದ್ದೇ ಹಾಗೇ ವಾಪಸ್ ಬರುತ್ತದೆ, ನಿಮ್ಮ ಡ್ರೈವರ್ ತನಕ ಓದು ತಲುಪುವುದೇ ಇಲ್ಲ.

ಇದು ಹೊಸಬರು ಮಾತ್ರ ಮಾಡುವ ತಪ್ಪಲ್ಲ. 2021ರಲ್ಲಿ ಕ್ವಾಲಿಸ್ ಅನ್ನುವ ಭದ್ರತಾ ಕಂಪನಿಯವರು ಹೊರತಂದ ಸೆಕೋಯಾ ಅನ್ನುವ ಭದ್ರತಾ ದೋಷ ಲಿನಕ್ಸ್‌ನ ಫೈಲ್ ಸಿಸ್ಟಂ ಕೋಡ್‌ನಲ್ಲೇ ಇತ್ತು. ಬಫರ್ ಗಾತ್ರ ಸೈಜ್-ಟಿ (64 ಬಿಟ್ ಕರ್ನಲ್‌ನಲ್ಲಿ 64 ಬಿಟ್‌ನ ಅನ್‌ಸೈನ್ಡ್ ಟೈಪ್) ಆಗಿತ್ತು, ಅದನ್ನು ತೆಗೆದುಕೊಳ್ಳುವ ಫಂಕ್ಷನ್ ಇಂಟ್ ಕೇಳುತ್ತಿತ್ತು. ಬಫರ್ 2 ಜಿಬಿ ತನಕ ಬೆಳೆಸಿದರೆ ಅದು ಮೈನಸ್ ಆಗಿ, ಬಫರ್‌ನ ಹೊರಗೆ ಬರೆಯುತ್ತಿತ್ತು. ಸಾಮಾನ್ಯ ಬಳಕೆದಾರ ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಲು ಅಷ್ಟು ಸಾಕಾಯಿತು.

ನಿಮ್ಮ ಎರಡನೇ ಪ್ರಶ್ನೆ, 32 ಬಿಟ್ ಅಪ್ಲಿಕೇಶನ್‌ನಿಂದ ಐಒಸಿಟಿಎಲ್ (ಡ್ರೈವರ್‌ಗೆ ವಿಶೇಷ ಆದೇಶ ಕೊಡುವ ಸಿಸ್ಟಂ ಕಾಲ್) ಕರೆದರೆ ಈನಾಟಿಟಿವೈ (ಈ ಆದೇಶ ಗೊತ್ತಿಲ್ಲ ಅನ್ನುವ ಎರರ್) ಬರುವುದು, ಅದೂ ಅಗಲದ್ದೇ ಸಮಸ್ಯೆ. ನಿಮ್ಮ ಸ್ಟ್ರಕ್ಟ್‌ನಲ್ಲಿ ಒಂದು 32 ಬಿಟ್ ಫೀಲ್ಡ್, ಅದಾದ ಮೇಲೆ ಒಂದು 64 ಬಿಟ್ ಫೀಲ್ಡ್ ಇದೆ. 32 ಬಿಟ್‌ನ ಐ386ರಲ್ಲಿ ಅದು 12 ಬೈಟ್, ಎಕ್ಸ್86-64ರಲ್ಲಿ ಕಂಪೈಲರ್ ಮಧ್ಯೆ 4 ಬೈಟ್ ಖಾಲಿ ಬಿಡುವುದರಿಂದ 16 ಬೈಟ್. ಐಒಸಿಟಿಎಲ್ ನಂಬರ್ ಒಳಗೆ ಗಾತ್ರವೂ ಸೇರಿರುವುದರಿಂದ ಎರಡು ಕಡೆಯ ನಂಬರೇ ಬೇರೆಬೇರೆ. ಮಧ್ಯದಲ್ಲಿ 32 ಬಿಟ್‌ನ ಒಂದು ಖಾಲಿ ಫೀಲ್ಡ್ ನೀವೇ ಹಾಕಿ, ಸ್ಟ್ರಕ್ಟ್‌ನ ಒಳವಿನ್ಯಾಸ ತೋರಿಸುವ ಪಹೋಲ್ ಟೂಲ್‌ನಲ್ಲಿ ಎರಡೂ ಬಿಲ್ಡ್ ಹೋಲಿಸಿ ನೋಡಿ.

ಮೊದಲು ಆ ಐದು ಪೇಜ್‌ಗಳ ಟೆಸ್ಟ್ ಓಡಿಸಿ. ಕಾಸ್ಟ್ ಹಾಕಿದ ಮೇಲೂ ಪೇಜ್ 0ರಲ್ಲಿ 1048576 ಕಂಡರೆ, ಇನ್ನೊಂದು ಶಿಫ್ಟ್ ಎಲ್ಲೋ ಉಳಿದಿದೆ ಅಂತ ಅರ್ಥ. ಆಗ ರೀಡ್ ಮತ್ತು ರೈಟ್ ಎರಡೂ ಫಂಕ್ಷನ್‌ಗಳನ್ನು ಪೂರ್ತಿಯಾಗಿ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.