ಎವಿಪಿಯು, ಜಿಸಿಎಸ್ ಎರಡೂ ಒಂದೇನಾ? ಇಎಂಟಿ (ಆಂಬ್ಯುಲೆನ್ಸ್‌ನ ತುರ್ತು ವೈದ್ಯಕೀಯ ಸಿಬ್ಬಂದಿ) ತರಬೇತಿಯಲ್ಲಿ ಎರಡನ್ನೂ ಯಾಕೆ ಕಲಿಸುತ್ತಾರೆ?

ರೋಗಿಗೆ ಎಷ್ಟು ಎಚ್ಚರವಿದೆ ಅಂತ ನೋಡುವುದೇ ಎರಡರ ಕೆಲಸ. ಆದರೆ ಎವಿಪಿಯು ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಎ ಅಂದರೆ ತಾನಾಗಿಯೇ ಎಚ್ಚರ, ವಿ ಅಂದರೆ ಕೂಗಿದರೆ ಮಾತ್ರ ಸ್ಪಂದನೆ, ಪಿ ಅಂದರೆ ನೋವಿಗೆ ಮಾತ್ರ, ಯು ಅಂದರೆ ಯಾವುದಕ್ಕೂ ಇಲ್ಲ.

ಜಿಸಿಎಸ್, ಅಂದರೆ ಗ್ಲಾಸ್ಗೋ ಕೋಮಾ ಸ್ಕೇಲ್, ಇನ್ನೂ ಸೂಕ್ಷ್ಮ. 1974ರಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು ಇದನ್ನು ಪ್ರಕಟಿಸಿದರು. ಕಣ್ಣು ತೆರೆಯುವುದಕ್ಕೆ ಗರಿಷ್ಠ 4 ಅಂಕ, ಮಾತಿಗೆ 5, ಚಲನೆಗೆ 6, ಒಟ್ಟು 15. ಅತಿ ಕಡಿಮೆ ಅಂದರೆ 3, ಸೊನ್ನೆಯಲ್ಲ. ಹೊಸಬರು ಜಾಸ್ತಿ ಎಡವುವುದು ಇಲ್ಲೇ! ಪ್ರತಿ ಭಾಗಕ್ಕೂ ಕನಿಷ್ಠ 1 ಅಂಕ ಇದ್ದೇ ಇರುತ್ತದೆ.

ಬೈಕಿನಿಂದ ಬಿದ್ದವರೊಬ್ಬರು ಕೂಗಿದಾಗ ಕಣ್ಣು ಬಿಟ್ಟರು (3), ಊರು ಕೇಳಿದರೆ ಗೊಂದಲದ ಉತ್ತರ ಕೊಟ್ಟರು (4), ಕೈ ಎತ್ತಿ ಅಂದರೆ ಎತ್ತಿದರು (6). ಒಟ್ಟು 13. ಆಸ್ಪತ್ರೆಗೆ ಬರೀ 13 ಅನ್ನಬೇಡಿ, ಮೂರನ್ನೂ ಬಿಡಿಸಿ ಹೇಳಿ. ದಾರಿಯಲ್ಲಿ ಮತ್ತೆ ಮತ್ತೆ ನೋಡಿ. 13 ಇದ್ದದ್ದು 10ಕ್ಕೆ ಇಳಿದರೆ ಅದೇ ದೊಡ್ಡ ಸುದ್ದಿ. 8 ಅಥವಾ ಕಡಿಮೆಯಾದರೆ ಉಸಿರಿನ ದಾರಿ ಮುಚ್ಚಿಕೊಳ್ಳುವ ಭಯ ಹೆಚ್ಚು.

ತೊದಲುತ್ತಿದ್ದರೆ ಕುಡಿದಿದ್ದಾರೆ ಅಂತ ಸುಮ್ನೆ ಬಿಡಬೇಡಿ. ರಕ್ತದ ಸಕ್ಕರೆ ಇಳಿದವರೂ ಹಾಗೇ ಮಾತಾಡುತ್ತಾರೆ, ಗ್ಲೂಕೋಮೀಟರ್ ಹಿಡಿದು ನೋಡಿ.